ಐದೂ ಮುಕ್ಕಾಲರ ಪಿಗ್ಮಿ

ಬ್ಯಾಂಕಿನಿಂದ ನಿವೃತ್ತರಾದವರಿಗೆ ಸಕ್ಕರೆ ಕಾಯಿಲೆಯೋ ಬಿಪಿಯೋ ಬರುತ್ತದೆ. ನನಗೆ ಅವೆರಡೂ ಬರಲಿಲ್ಲ, ಪುಕ್ಕಟೆ ಸಲಹೆ ಕೊಡುವ ಚಟ ಬಂತು. ಮೂವತ್ತಾರು ವರ್ಷ ಬ್ಯಾಂಕಿನ ಸಾಲ ವಿಭಾಗದಲ್ಲಿ ಕುಳಿತು, ಎದುರು ಕುಳಿತವರ ಕಾಗದ ತಿರುವಿ ಹಾಕಿ, ಆಗುತ್ತದೆ ಆಗುವುದಿಲ್ಲ ಎಂದು ಹೇಳಿ ಅಭ್ಯಾಸವಾದ ನಾಲಿಗೆ ಮನೆಯಲ್ಲಿ ಸುಮ್ಮನಿರುತ್ತದೆಯೇ? ಅಂಬಲಪಾಡಿಯ ನಮ್ಮ ಓಣಿಯಲ್ಲಿ ಯಾರಾದರೂ ಸ್ಕೂಟರು ಕೊಂಡರೂ ಸಾಲದ ಬಡ್ಡಿ ಎಷ್ಟು ಎಂದು ಕೇಳುತ್ತೇನೆ. ಜನ ಬೈದುಕೊಳ್ಳುತ್ತಾರೆ, ಆದರೆ ತಾಪತ್ರಯ ಬಂದಾಗ ನನ್ನ ಹತ್ತಿರವೇ ಬರುತ್ತಾರೆ. ಕುಶಲಾ ಬಂದದ್ದೂ ಹಾಗೆಯೇ.

ಆಕೆ ನಮ್ಮ ಮನೆಗೆ ಬರುತ್ತಿದ್ದದ್ದು ನನ್ನ ಹೆಂಡತಿಯ ಸೀರೆಗಳಿಗೆ ಫಾಲ್ ಹಾಕಿ ಕೊಡಲಿಕ್ಕೆ. ಓಣಿಯ ಕೊನೆಯ ಹೆಂಚಿನ ಮನೆ ಆಕೆಯದು. ವಯಸ್ಸು ಅರವತ್ತು. ಮಾತು ಕಡಿಮೆ, ಕೈಕೆಲಸ ಅಚ್ಚುಕಟ್ಟು. ಕಳೆದ ಜನವರಿಯಲ್ಲಿ ಒಂದು ದಿನ ಸೀರೆ ಕೊಟ್ಟು ದುಡ್ಡು ತೆಗೆದುಕೊಂಡ ಮೇಲೂ ಹೋಗದೆ ನಿಂತಳು. ಬಟ್ಟೆಯ ಚೀಲದಿಂದ ಎರಡು ಪಾಸ್‌ಬುಕ್ ತೆಗೆದು ನನ್ನ ಮುಂದಿಟ್ಟಳು.

"ಸರ್, ಒಂದು ಕೇಳ್ಲಿಕ್ಕಿತ್ತು. ಇದನ್ನು ತೆಗೆದು ಅದಕ್ಕೆ ಕಟ್ಟುವುದಾ, ಬೇಡವಾ?"

ಒಂದು ಪಾಸ್‌ಬುಕ್ ಸಾಲದ್ದು, ಇನ್ನೊಂದು ಪಿಗ್ಮಿಯದು. ಎರಡೂ ಒಂದೇ ಸಹಕಾರಿ ಸೊಸೈಟಿಯವು. ಪಿಗ್ಮಿ ಎಂದರೆ ನಮ್ಮ ಕಡೆ ಬಿಡಿಸಿ ಹೇಳಬೇಕಾಗಿಲ್ಲ. ದಿನಕ್ಕೆ ಹತ್ತೋ ಐವತ್ತೋ ನೂರೋ ಉಳಿತಾಯ. ಅದನ್ನು ತೆಗೆದುಕೊಂಡು ಹೋಗಲು ಏಜೆಂಟರು ದಿನಾ ಮನೆಬಾಗಿಲಿಗೆ, ಅಂಗಡಿಬಾಗಿಲಿಗೆ ಬರುತ್ತಾರೆ. ಉಡುಪಿಯ ಎಷ್ಟೋ ಹೋಟೆಲು, ಎಷ್ಟೋ ಮದುವೆ ಈ ಚಿಲ್ಲರೆಯಿಂದಲೇ ಎದ್ದು ನಿಂತಿವೆ. ಕುಶಲಾ ದಿನಕ್ಕೆ ನೂರೈವತ್ತು ಕಟ್ಟುತ್ತಿದ್ದಳು. ಸುಮಾರು ಐದು ವರ್ಷ ಕಟ್ಟಿದ್ದು ಬಡ್ಡಿ ಸೇರಿ ಎರಡು ಲಕ್ಷದ ಮೂವತ್ತಾರು ಸಾವಿರ ಆಗಿತ್ತು. ಸಾಲ ಉಳಿದದ್ದು ಎರಡು ಲಕ್ಷದ ಇಪ್ಪತ್ತೆಂಟು ಸಾವಿರ, ಮನೆಯ ಪತ್ರ ಅಡವಿಟ್ಟದ್ದು.

ಮೇಜಿನ ಮೇಲಿದ್ದ ಮದುವೆ ಕರೆಯೋಲೆಯ ಹಿಂಬದಿಯಲ್ಲಿ ಲೆಕ್ಕ ಮಾಡಿದೆ. ಐದು ನಿಮಿಷವೂ ಬೇಕಾಗಲಿಲ್ಲ. ಸಾಲಕ್ಕೆ ನೂರಕ್ಕೆ ಹನ್ನೆರಡು ಬಡ್ಡಿ, ಪಿಗ್ಮಿಗೆ ಸಿಗುವುದು ಮೂರೂವರೆ.

"ಇದರಲ್ಲಿ ಯೋಚನೆ ಮಾಡ್ಲಿಕ್ಕೆ ಎಂತ ಉಂಟು ಕುಶಲಾ? ನೀವು ತಿಂಗಳಿಗೆ ಸಾವಿರದ ಆರುನೂರು ರೂಪಾಯಿ ಹತ್ತಿರ ಸುಮ್ಮನೆ ಕಳೆದುಕೊಳ್ತಾ ಇದ್ದೀರಿ. ನಾಳೆಯೇ ಹೋಗಿ ಪಿಗ್ಮಿ ಕ್ಲೋಸ್ ಮಾಡಿ, ಸಾಲ ಚುಕ್ತಾ ಮಾಡಿ, ಮನೆಪತ್ರ ತನ್ನಿ."

"ಸ್ವಲ್ಪ ಇಟ್ಟುಕೊಂಡು ಸ್ವಲ್ಪ ತೆಗೀಲಿಕ್ಕೆ ಆಗುದಿಲ್ವಾ?"

"ಪಿಗ್ಮಿಯಲ್ಲಿ ಹಾಗೆ ಇಲ್ಲ. ತೆಗೆದರೆ ಪೂರ್ತಿ."

ಆಕೆ ತಲೆ ಅಲ್ಲಾಡಿಸಿದಳು. "ನೋಡ್ತೇನೆ ಸರ್," ಎಂದು ಪಾಸ್‌ಬುಕ್‌ಗಳನ್ನು ಚೀಲಕ್ಕೆ ಹಾಕಿಕೊಂಡು ಹೋದಳು.

ನಾನು ಹೇಳಿದ ಮೇಲೂ ನೋಡುವುದು ಎಂದರೇನು? ನನಗೆ ಪಿತ್ತ ಕೆರಳಿತು. ಹೆಂಡತಿಯ ಹತ್ತಿರ ಕೂಗಾಡಿದೆ. "ನಿಮ್ಮ ಹತ್ತಿರ ಕೇಳಿದ್ದಾಳೆ, ನಿಮ್ಮ ಮಾತು ಕೇಳ್ತೇನೆ ಅಂತ ಹೇಳಿಲ್ಲ ಅಲ್ವಾ," ಎಂದು ಅವಳು ಸೀರೆ ಮಡಚಿಟ್ಟು ಒಳಗೆ ಹೋದಳು.

ಕುಶಲಾಳ ವಿಷಯ ಸ್ವಲ್ಪ ಹೇಳಬೇಕು. ಕಾರ್ಕಳದ ಹತ್ತಿರ ನಿಟ್ಟೆಯಲ್ಲಿ ಹುಡುಗಿಯರ ಹಾಸ್ಟೆಲೊಂದರ ಅಡುಗೆಮನೆಯ ಉಸ್ತುವಾರಿ ಆಕೆಯದಾಗಿತ್ತು. ಇಪ್ಪತ್ತಾರು ವರ್ಷ ಅಲ್ಲಿ ದುಡಿದಳು. ಬೆಳಿಗ್ಗೆ ನಾಲ್ಕೂವರೆಗೆ ಏಳುವುದು, ಇನ್ನೂರ ಎಂಬತ್ತು ಮಂದಿಗೆ ತಿಂಡಿ. ಉಪ್ಪಿಟ್ಟು ಮಾಡಿದ ದಿನ ಜಗಳ, ಪರೀಕ್ಷೆಯ ದಿನ ಅಳು, ಊರಿಗೆ ಹೋಗುವ ದಿನ ಗದ್ದಲ. ಎಲ್ಲದಕ್ಕೂ ಕುಶಲಕ್ಕಾ ಕುಶಲಕ್ಕಾ ಎಂದು ಕರೆಯುವವರು. ಗಂಡ ದೇವದಾಸ ಉಡುಪಿ–ಕಾರ್ಕಳ ಲೈನಿನ ಖಾಸಗಿ ಬಸ್ಸಿನ ಡ್ರೈವರು. ಸಂಜೆಯ ಕೊನೆಯ ಟ್ರಿಪ್ಪಿನಲ್ಲಿ ಆಕೆಯನ್ನು ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮನೆಗೆ ಬರುತ್ತಿದ್ದ. ಮಕ್ಕಳಾಗಲಿಲ್ಲ. ಆ ಬಗ್ಗೆ ಆಕೆ ಒಮ್ಮೆಯೂ ಹೇಳಿದ್ದಿಲ್ಲ, ನಾವು ಕೇಳಿದ್ದೂ ಇಲ್ಲ.

ದೇವದಾಸನಿಗೆ ಕಿಡ್ನಿ ಹೋಯಿತು. ಮೂರು ವರ್ಷ ವಾರಕ್ಕೆ ಎರಡು ಸಲ ಮಣಿಪಾಲಕ್ಕೆ ಡಯಾಲಿಸಿಸ್. ಸರಕಾರದ ಕಾರ್ಡಿನಲ್ಲಿ ಆದದ್ದು ಆಯಿತು. ಮಿಕ್ಕಿದ್ದಕ್ಕೆ ಆಕೆ ಕೆಲಸ ಬಿಟ್ಟಾಗ ಬಂದ ಗ್ರಾಚ್ಯುಟಿ ಹೋಯಿತು, ಕರಿಮಣಿ ಒಂದನ್ನು ಬಿಟ್ಟು ಚಿನ್ನ ಹೋಯಿತು, ಕೊನೆಗೆ ಮನೆಯ ಪತ್ರ ಸೊಸೈಟಿಯ ಕಪಾಟಿಗೆ ಹೋಯಿತು. ಅವನು ತೀರಿಕೊಂಡು ನಾಲ್ಕು ವರ್ಷ. ಆಮೇಲೆ ಆಕೆಗೆ ಉಳಿದದ್ದು ಎರಡು ಸಾವಿರದ ಮುನ್ನೂರು ರೂಪಾಯಿಯ ಪೆನ್ಶನ್ನು ಮತ್ತು ಉಡುಪಿಯ ಎರಡು ಬಟ್ಟೆ ಅಂಗಡಿಯವರು ಕೊಡುವ ಸೀರೆಗಳು. ಫಾಲ್, ಕುಚ್ಚು ಎಲ್ಲ ಸೇರಿ ತಿಂಗಳಿಗೆ ಒಂಬತ್ತು ಸಾವಿರ.

ಈಗ ಲೆಕ್ಕ ನೋಡಿ. ಬರುವುದು ಹನ್ನೊಂದು ಸಾವಿರದ ಮುನ್ನೂರು. ಸಾಲದ ಕಂತು ಆರು ಸಾವಿರ. ಪಿಗ್ಮಿಗೆ ಮೂರು ಸಾವಿರದ ಏಳುನೂರೈವತ್ತು. ತಿನ್ನಲು, ಉಡಲು, ಕರೆಂಟಿಗೆ, ಗ್ಯಾಸಿಗೆ ಉಳಿಯುವುದು ಸಾವಿರದ ಐನೂರು ಚಿಲ್ಲರೆ. ರೇಷನ್ನಿನ ಅಕ್ಕಿ ಇದ್ದದ್ದಕ್ಕೆ ಆಯಿತು. ಇಂಥ ಹೆಂಗಸು ಪಿಗ್ಮಿ ಕ್ಲೋಸ್ ಮಾಡಲು ಹಿಂದೆ ಮುಂದೆ ನೋಡುತ್ತಾಳೆ ಎಂದರೆ ನನ್ನಂಥವನಿಗೆ ಅರ್ಥವಾಗುವುದಾದರೂ ಹೇಗೆ?

ಫೆಬ್ರವರಿ ಹೋಯಿತು, ಮಾರ್ಚ್ ಹೋಯಿತು. ಆಕೆ ಏನೂ ಮಾಡಲಿಲ್ಲ. ಅಷ್ಟರಲ್ಲಿ ಆಕೆಯ ಕಣ್ಣಿಗೆ ಪೊರೆ ಬರತೊಡಗಿತ್ತು. ತಿಳಿಬಣ್ಣದ ಸೀರೆಗೆ ತಿಳಿಬಣ್ಣದ ದಾರ ಕಾಣುವುದಿಲ್ಲ ಎಂದು ನನ್ನ ಹೆಂಡತಿಯಿಂದ ಸೂಜಿಗೆ ದಾರ ಪೋಣಿಸಿಕೊಂಡು ಹೋಗುತ್ತಿದ್ದಳು. ಒಂದು ಅಂಗಡಿಯವರು ಸೀರೆ ಕೊಡುವುದನ್ನು ನಿಲ್ಲಿಸಿದರು. ಗಳಿಕೆ ಅರ್ಧಕ್ಕೆ ಇಳಿಯಿತು. ಏಪ್ರಿಲ್ ಕೊನೆಗೆ ಆಕೆ ಮತ್ತೆ ಬಂದು ಒಂದು ಕಾಗದ ಕೊಟ್ಟಳು. ಸೊಸೈಟಿಯದು. ಎರಡು ಕಂತು ಬಾಕಿ, ಮೂರನೆಯದೂ ತಪ್ಪಿದರೆ ಅಡವಿನ ಮನೆಯ ಮೇಲೆ ಕ್ರಮ ಜರುಗಿಸಲಾಗುವುದು ಎಂದಿತ್ತು. ಮೂರನೆಯ ಕಂತಿನ ದಿನ ಮೇ ಹತ್ತು.

"ಪಿಗ್ಮಿ?" ಎಂದು ಕೇಳಿದೆ.

"ಅದು ಕಟ್ತಾ ಇದ್ದೇನೆ ಸರ್. ಒಂದು ದಿನವೂ ತಪ್ಪಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಮನೆ ಹೋಗುತ್ತಿದೆ, ಇವಳು ಪಿಗ್ಮಿ ಕಟ್ಟುತ್ತಿದ್ದಾಳೆ! ಜೋರಾಗಿಯೇ ಬೈದೆ. ಆಕೆ ಪೂರ್ತಿ ಕೇಳಿಸಿಕೊಂಡು ಹೊರಟು ಹೋದಳು. ಆಕೆ ಹೋದ ಮೇಲೆ ನೋಡುತ್ತೇನೆ, ಸೊಸೈಟಿಯ ಕಾಗದ ಮೇಜಿನ ಮೇಲೆಯೇ ಉಳಿದಿದೆ.

ಮರುದಿನ ಸಂಜೆ ಅದನ್ನು ಕೊಡಲೆಂದು ಆಕೆಯ ಮನೆಗೆ ಹೋದೆ. ಐದೂವರೆ ದಾಟಿತ್ತು. ಆಕೆ ಮುಖ ತೊಳೆದು, ತಲೆ ಬಾಚಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಕುಳಿತಿದ್ದಳು. ಎಲ್ಲಿಗೋ ಹೊರಟಿದ್ದಾಳೆ ಅಂದುಕೊಂಡೆ. ನನ್ನನ್ನು ಕೂರಿಸಿ ನೀರು ತಂದುಕೊಟ್ಟಳು. ಏನೋ ಹೇಳಲು ಬಾಯಿ ತೆರೆದಾಗ ಗಂಟಲು ಕಟ್ಟಿದಂತೆ ದನಿ ಹೊರಡಲಿಲ್ಲ. ಕೆಮ್ಮಿ ಸರಿಮಾಡಿಕೊಂಡಳು.

"ಶೀತವಾ?" ಎಂದೆ.

"ಇಲ್ಲ ಸರ್. ಬೆಳಿಗ್ಗೆಯಿಂದ ಯಾರ ಹತ್ತಿರವೂ ಮಾತಾಡ್ಲಿಲ್ಲ. ಹಾಗೆ ಆಗ್ತದೆ."

ಅದನ್ನು ಆಕೆ ದೂರಿನಂತೆ ಹೇಳಲಿಲ್ಲ. ಇವತ್ತು ನೀರು ಬರಲಿಲ್ಲ ಎಂಬಂತೆ ಹೇಳಿದಳು. ನಾನು ಫ್ಯಾನು ನೋಡುತ್ತ ಕುಳಿತೆ.

ಐದೂ ಮುಕ್ಕಾಲಿಗೆ ಗೇಟಿನ ಹತ್ತಿರ ಸ್ಕೂಟರು ನಿಂತಿತು. "ಕುಶಲಕ್ಕಾ, ಇದ್ದೀರಾ?" ಎಂದು ತುಳುವಿನಲ್ಲಿ ಕೂಗು. ಪಿಗ್ಮಿ ಏಜೆಂಟ್ ವ್ಯಾಲೆಂಟೈನ್. ಕಾಪುವಿನವರು, ನನ್ನ ಪರಿಚಯದವರೇ. ಅರವತ್ತರ ಮೇಲಾಗಿದೆ, ಒಂದು ಮಂಡಿ ನೋವು, ಮೆಟ್ಟಿಲು ಹತ್ತುವಾಗ ದೇವರನ್ನು ಕರೆಯುತ್ತಾರೆ. ಕುಶಲಾ ಎದ್ದು ಬಾಗಿಲಿಗೆ ಹೋದಳು. "ಬನ್ನಿ ಪೊರ್ಬುಗಳೇ," ಎಂದಳು. ತುಳು ಮಾತಾಡುವವರು ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ.

ವ್ಯಾಲೆಂಟೈನ್ ಒಳಗೆ ಬರಲಿಲ್ಲ. ಮೆಟ್ಟಿಲಿನ ಮೇಲೆ ನಿಂತೇ ನೂರೈವತ್ತು ತೆಗೆದುಕೊಂಡು, ಕೈಯಲ್ಲಿದ್ದ ಪುಟ್ಟ ಮಿಷನ್ನಿನಲ್ಲಿ ಒತ್ತಿ, ಚೀಟಿ ಹರಿದು ಕೊಟ್ಟರು. ಅಷ್ಟಕ್ಕೆ ಅರ್ಧ ನಿಮಿಷ. ಆಮೇಲೆ ಮಾತು. ಮಲ್ಪೆಯಲ್ಲಿ ಬಂಗುಡೆ ಮೀನಿಗೆ ಇವತ್ತು ಬೆಂಕಿ ರೇಟು. ಕಾಪುವಿನ ಲೈಟ್‌ಹೌಸಿನ ಹತ್ತಿರ ಭಾನುವಾರ ಕಾಲಿಡಲು ಜಾಗವಿಲ್ಲ. ಹೆಂಡತಿ ಲೊರ್ನಾ ಹಲ್ಲು ಕೀಳಿಸಿಕೊಂಡು ಎರಡು ದಿನದಿಂದ ಮಾತಿಲ್ಲದೆ ಮನೆ ಪ್ರಶಾಂತವಾಗಿದೆ. ಕುಶಲಾ ನಕ್ಕಳು. ಆಕೆ ನಗುವುದನ್ನು ನಾನು ಅವತ್ತೇ ನೋಡಿದ್ದು. ಆಕೆಯೂ ಹೇಳಿದಳು, ಬೆಕ್ಕು ಹಾಲು ಚೆಲ್ಲಿದ್ದು, ಅಂಗಡಿಯವನು ಹಸಿರು ಸೀರೆಗೆ ನೀಲಿ ಫಾಲ್ ಕಳಿಸಿದ್ದು. ಏಳೆಂಟು ನಿಮಿಷ ಆಗಿರಬಹುದು. "ಬರ್ತೇನೆ, ನಾಳೆ ಸಿಗುವ," ಎಂದು ಅವರು ಮಂಡಿ ಹಿಡಿದುಕೊಂಡು ಇಳಿದರು. ಸ್ಕೂಟರು ಓಣಿಯ ತಿರುವು ದಾಟುವವರೆಗೆ ಆಕೆ ಬಾಗಿಲಲ್ಲಿ ನಿಂತಿದ್ದಳು.

ಒಳಗೆ ಬಂದು ಕುಳಿತಳು. ಆಕೆಯೇ ಹೇಳಿದಳು.

"ಪಿಗ್ಮಿ ಕ್ಲೋಸ್ ಮಾಡಿದ್ರೆ ಅವರು ಬರುದಿಲ್ಲ ಸರ್. ಅದಕ್ಕೇ ನಾನು ನೋಡ್ತೇನೆ ನೋಡ್ತೇನೆ ಹೇಳಿದ್ದು."

"ಹತ್ತು ರೂಪಾಯಿದು ಒಂದು ಹೊಸದು ಮಾಡಿಸಿ."

"ಹೊಸದು ಇಲ್ಲ ಅಂತೆ. ಎಲ್ಲ ಫೋನಿನಲ್ಲೇ ಕಟ್ಟಬೇಕಂತೆ. ಹಳೆಯದು ಇದ್ದವರಿಗೆ ಮಾತ್ರ, ಅದು ನಡೆಯುವಷ್ಟು ದಿನ ಮನೆಗೆ ಬರ್ತಾರೆ. ಭಾನುವಾರ ಅವರು ಬರುದಿಲ್ಲ ಅಲ್ವಾ, ಆ ದಿನ ನನಗೆ ಬೆಳಗಾದದ್ದೂ ಗೊತ್ತಾಗುದಿಲ್ಲ, ಕತ್ತಲಾದದ್ದೂ ಗೊತ್ತಾಗುದಿಲ್ಲ."

ಇಂಥ ಮಾತು ಕೇಳಿ ಸುಮ್ಮನಿರುವ ಬುದ್ಧಿ ನನಗಿದ್ದಿದ್ದರೆ! ನಾನು ಬಾಯಿಲೆಕ್ಕ ಮಾಡಿದೆ. ತಿಂಗಳಿಗೆ ನಷ್ಟ ಸಾವಿರದ ಆರುನೂರು. ಭಾನುವಾರ, ರಜೆ ಬಿಟ್ಟರೆ ಇಪ್ಪತ್ತೈದು ದಿನ.

"ಅವರು ಒಂದು ಸಲ ಬಂದು ಹೋದರೆ ನಿಮಗೆ ಅರವತ್ತನಾಲ್ಕು ರೂಪಾಯಿ ಬೀಳ್ತದೆ, ಗೊತ್ತುಂಟಾ?" ಎಂದೆ.

ಆಕೆ ಕೈಯಲ್ಲಿದ್ದ ಚೀಟಿ ಮಡಚಿದಳು. "ಹೆಚ್ಚಾಯ್ತಾ ಸರ್? ಒಂದು ಮಸಾಲೆ ದೋಸೆಗೆ ಈಗ ಅಷ್ಟುಂಟು."

ವ್ಯಂಗ್ಯವಲ್ಲ, ನಿಜವಾಗಿಯೂ ಕೇಳಿದ್ದು. ಬ್ಯಾಂಕಿನಲ್ಲಿ ನನಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಆದರೂ ನಾನು ಬಿಡಲಿಲ್ಲ. ಮನೆ ಹೋದರೆ ಅವರು ಎಲ್ಲಿಗೆ ಬರುತ್ತಾರೆ ಎಂದೆ. ಹತ್ತನೇ ತಾರೀಕಿಗೆ ಹನ್ನೊಂದೇ ದಿನ ಎಂದೆ. ನಾನು ಎದ್ದೆ. ಹೊರಡುವಾಗ ಆಕೆ, "ನೀವು ಹೇಳುದು ಸರಿ ಸರ್, ನನಗೆ ಗೊತ್ತುಂಟು, ಆದ್ರೆ ಕೈ ಬರುದಿಲ್ಲ," ಎಂದಳು.

ಆ ರಾತ್ರಿ ನನಗೆ ಒಂದು ಉಪಾಯ ಹೊಳೆಯಿತು. ಬಹಳ ಜಾಣತನದ ಉಪಾಯವೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ನನ್ನ ಮಾತು ಆಕೆ ಕೇಳುವುದಿಲ್ಲ, ಸರಿ. ಯಾರ ಮಾತು ಕೇಳುತ್ತಾಳೆ?

ಮರುದಿನ ಉಡುಪಿಯ ಸಿಟಿ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ವ್ಯಾಲೆಂಟೈನ್ ಸಿಕ್ಕಿದರು. ಸಿಕ್ಕಿದರು ಎಂದರೆ, ಅವರು ನಾಲ್ಕು ಗಂಟೆಗೆ ಅಲ್ಲಿ ಬನ್ಸ್ ತಿನ್ನುತ್ತಾರೆಂದು ತಿಳಿದೇ ಹೋದೆ. ಎದುರು ಕುಳಿತು ಎಲ್ಲ ಹೇಳಿದೆ. ಆಕೆಗೆ ಸಾಲ ಇದ್ದದ್ದು ಅವರಿಗೆ ಗೊತ್ತಿತ್ತು, ಕಂತು ಬಾಕಿಯಾದದ್ದು ಗೊತ್ತಿರಲಿಲ್ಲ. ಬನ್ಸ್ ಅರ್ಧಕ್ಕೆ ಬಿಟ್ಟು ಕೈ ಒರೆಸಿಕೊಂಡರು.

"ಛೆ, ಎಂತ ಮಾರಾಯ್ರೆ ಇದು! ನನ್ನ ಹತ್ತಿರ ಒಂದು ಮಾತು ಹೇಳ್ಲಿಲ್ಲ ಅವರು."

"ಪಿಗ್ಮಿ ಕ್ಲೋಸ್ ಮಾಡಿದ್ರೆ ನಿಮಗೆ ಕಮಿಷನ್ ಹೋಗ್ತದೆ. ಅದಕ್ಕೆ ನಿಮ್ಮ ಹತ್ತಿರ ಕೇಳ್ಲಿಕ್ಕೆ ನನಗೂ ಸಂಕೋಚ."

ಅವರು ನಕ್ಕರು. "ಎಂತ ಕಮಿಷನ್ ಸರ್? ಅವರದ್ದರಲ್ಲಿ ನನಗೆ ದಿನಕ್ಕೆ ನಾಲ್ಕೂವರೆ ರೂಪಾಯಿ. ಒಂದು ಕಾಲದಲ್ಲಿ ನನಗೆ ಇನ್ನೂರು ಮನೆ ಇತ್ತು, ಈಗ ಹದಿನೇಳು. ಆ ಓಣಿಯಲ್ಲಿ ಉಳಿದದ್ದು ಅವರೊಬ್ಬರೇ. ಪೆಟ್ರೋಲಿಗೂ ಸಾಕಾಗುದಿಲ್ಲ."

"ಮತ್ತೆ ಯಾಕೆ ಬರ್ತೀರಿ? ವಾರಕ್ಕೊಮ್ಮೆ ತೆಗೆದುಕೊಳ್ಳಬಹುದಲ್ಲ."

"ಅವರು ಕಾಯ್ತಾರೆ ಅಲ್ವಾ," ಎಂದರು ವ್ಯಾಲೆಂಟೈನ್.

ಅಂದರೆ ಇವರಿಗೂ ಗೊತ್ತಿತ್ತು. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಹೇಳಿಕೊಂಡಿರಲಿಲ್ಲ, ನೂರೈವತ್ತು ರೂಪಾಯಿಯ ನೆಪದಲ್ಲಿ ಎಲ್ಲ ಚೆನ್ನಾಗಿ ನಡೆದುಕೊಂಡು ಹೋಗಿತ್ತು. ಅಲ್ಲಿಗಾದರೂ ನಾನು ಎದ್ದು ಬರಬಹುದಿತ್ತು. ಆದರೆ ಹತ್ತನೇ ತಾರೀಕು ನನ್ನ ತಲೆಯಲ್ಲಿ ಕುಣಿಯುತ್ತಿತ್ತು.

"ಕ್ಲೋಸ್ ಮಾಡಿ ಅಂತ ನೀವೇ ಅವರಿಗೆ ಹೇಳಬೇಕು. ನೀವು ಹೇಳಿದರೆ ಕೇಳ್ತಾರೆ," ಎಂದೆ.

ಅವರು ಲೋಟವನ್ನು ಪಕ್ಕಕ್ಕೆ ಸರಿಸಿದರು. "ಹೇಳಬೇಕು. ಮನೆ ಉಳೀಬೇಕಲ್ಲ," ಎಂದರು. ಆಮೇಲೆ ಕೇಳಿದರು, "ಸರ್ ಹೇಳಿ ಕಳಿಸಿದ್ದು ಅಂತ ಹೇಳ್ಬಹುದಾ?"

"ಬೇಡ," ಎಂದೆ. "ನಾನು ಹೇಳಿಸಿದ್ದು ಅಂತ ಗೊತ್ತಾದರೆ ಮತ್ತೆ ಹಟ ಹಿಡೀತಾರೆ. ನೀವೇ ಯೋಚನೆ ಮಾಡಿ ಹೇಳಿದ ಹಾಗೆ ಇರಲಿ."

ಅವರು ಹೂಂ ಎಂದರು. ಬಿಲ್ಲು ನಾನೇ ಕೊಟ್ಟೆ.

ಏನು ಹೇಳಿದರೋ, ಹೇಗೆ ಹೇಳಿದರೋ ಆಗ ನನಗೆ ತಿಳಿಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕುಶಲಾ ನಮ್ಮ ಮನೆಗೆ ಬಂದು, "ಸೊಸೈಟಿಗೆ ಒಟ್ಟಿಗೆ ಬರ್ತೀರಾ ಸರ್?" ಎಂದಳು. ಹೋದೆವು. ಪಿಗ್ಮಿ ಮುಚ್ಚಿದರು, ಸಾಲಕ್ಕೆ ಹಾಕಿದರು, ಬಾಕಿ ಬಡ್ಡಿ ಕಳೆದರು. ಕೈಗೆ ಬಂದದ್ದು ಹದಿನೇಳು ಸಾವಿರದ ನಾನೂರು ರೂಪಾಯಿ ಮತ್ತು ಮನೆಯ ಪತ್ರ. ಮ್ಯಾನೇಜರು, "ಈಗ ನಿಶ್ಚಿಂತೆ ಅಲ್ವಾ ಅಮ್ಮ," ಎಂದರು. ಆಕೆ ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದಳು. ಹಿಂದೆ ಬರುವಾಗ ರಿಕ್ಷಾದಲ್ಲಿ ಪತ್ರವನ್ನು ಬಿಚ್ಚಿಯೂ ನೋಡದೆ ಹೊರಗೆ ನೋಡುತ್ತ ಕುಳಿತಳು. ಸಾಲ ತೀರಿದ ಎಷ್ಟೋ ಜನರ ಮುಖ ನಾನು ನೋಡಿದ್ದೇನೆ. ಅವರಲ್ಲಿ ಯಾರೂ ಹೀಗೆ ಕುಳಿತಿರಲಿಲ್ಲ. ದಣಿವಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಮನೆಗೆ ಬಂದು ಹೆಂಡತಿಗೆ ಹೋಟೆಲಿನ ಪ್ರಸಂಗವನ್ನೂ ಸೇರಿಸಿ ವಿಜಯದ ಸುದ್ದಿ ಹೇಳಿದೆ. ಅವಳು ಒಗ್ಗರಣೆ ಸೌಟು ಕೈಯಲ್ಲಿ ಹಿಡಿದೇ ನನ್ನನ್ನು ನೋಡಿದಳು. "ಆ ಹೆಂಗಸಿಗೆ ಇದ್ದದ್ದು ಒಬ್ಬರು. ಅವರ ಬಾಯಲ್ಲೇ ಬರುದಿಲ್ಲ ಅಂತ ಹೇಳಿಸಿದ್ರಾ?" ಎಂದಳು. ನಾನು ಮನೆಪತ್ರದ ವಿಷಯ ತೆಗೆದೆ. ಅವಳು ಆ ಮಧ್ಯಾಹ್ನ ಸಾರಿಗೆ ಉಪ್ಪು ಹಾಕುವುದನ್ನು ಮರೆತಳು. ನಾನೂ ಕೇಳದೆ ಉಂಡೆ.

ಮೇ ಹೋಯಿತು, ಮಳೆ ಹಿಡಿಯಿತು. ಕುಶಲಾ ನಮ್ಮ ಮನೆಗೆ ಬರುವುದು ಕಡಿಮೆಯಾಯಿತು. ಕಣ್ಣಿನ ಆಪರೇಷನ್ ಮಾಡಿಸಿಕೊಂಡಳೆಂದು ಕೇಳಿದೆ, ಮಣಿಪಾಲಕ್ಕೆ ಒಬ್ಬಳೇ ಹೋಗಿ ಒಬ್ಬಳೇ ಬಂದಳಂತೆ. ಕಂತು ಇಲ್ಲ, ಪಿಗ್ಮಿ ಇಲ್ಲ, ಈಗ ಆಕೆಯ ಕೈಯಲ್ಲಿ ತಿಂಗಳಿಗೆ ಆರೇಳು ಸಾವಿರ ನಿಲ್ಲುತ್ತದೆ. ಲೆಕ್ಕದ ಪ್ರಕಾರ ಆಕೆ ಸುಖವಾಗಿದ್ದಳು. ಆದರೂ ಸಂಜೆ ಐದೂ ಮುಕ್ಕಾಲಾದರೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹೆಂಡತಿ ಹೇಳಿದ ಮಾತು ಮುಳ್ಳಿನ ಹಾಗೆ ಒಳಗೇ ಇತ್ತು.

ಜುಲೈಯಲ್ಲಿ ಒಂದು ಸಂಜೆ ಛತ್ರಿ ಹಿಡಿದುಕೊಂಡು ಹೋದೆ. ಸುಮ್ಮನೆ ಮಾತಾಡಿಸಿ ಬರುವುದು, ಬೇಕಾದರೆ ದಿನಾ ಹೋಗುವುದು, ಅದರಲ್ಲೇನು ಕಷ್ಟ ಎಂದುಕೊಂಡಿದ್ದೆ. ಬಾಗಿಲು ಹಾಕಿತ್ತು. ಬಡಿದ ಮೇಲೆ ತೆಗೆದಳು. ಹಳೆಯ ನೈಟಿ, ಬಾಚದ ತಲೆ. ನನ್ನನ್ನು ಕಂಡು ಗಾಬರಿಯಾಗಿ ಹೆಗಲಿಗೆ ಟವೆಲ್ ಹಾಕಿಕೊಂಡು, ಕುರ್ಚಿ ಒರೆಸಿ, ಚಹಾ ಇಡಲು ಓಡಿದಳು. ಚಹಾದ ಜೊತೆಗೆ ತಟ್ಟೆಯಲ್ಲಿ ನಾಲ್ಕು ಬಿಸ್ಕತ್ತು. ಎದುರು ಕುಳಿತುಕೊಳ್ಳದೆ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮಳೆ ಜೋರುಂಟು ಎಂದೆ, ಹೌದು ಸರ್ ಎಂದಳು. ಕಣ್ಣು ಈಗ ಹೇಗುಂಟು ಎಂದೆ, ಕಾಣ್ತದೆ ಸರ್ ಎಂದಳು. ಅಲ್ಲಿಗೆ ಮಾತು ಮುಗಿಯಿತು. ಏಳು ನಿಮಿಷ ಎಂಬುದು ಎಷ್ಟು ಉದ್ದ ಎಂದು ಅವತ್ತು ತಿಳಿಯಿತು.

ಏನಾದರೂ ಹೇಳಬೇಕಲ್ಲ ಎಂದು, "ವ್ಯಾಲೆಂಟೈನ್ ಸಿಕ್ಕಿದ್ರಾ ಆಮೇಲೆ?" ಎಂದೆ.

ಆಕೆ ಹೊರಗೆ ಮಳೆ ನೋಡಿದಳು. "ಕ್ಲೋಸ್ ಮಾಡಿದ ಮರುದಿನ ಬಂದಿದ್ರು. ಅದೇ ಹೊತ್ತಿಗೆ."

"ಓ! ಎಂತ ಹೇಳಿದ್ರು?"

"ನಾನು ಬಾಗಿಲು ತೆಗೀಲಿಲ್ಲ ಸರ್. ಮೂರು ಸಲ ಕರೆದ್ರು. ನಾನು ಇಲ್ಲೇ ಒಳಗೆ ಇದ್ದೆ, ಲೈಟ್ ಹಾಕ್ಲಿಲ್ಲ."

"ಯಾಕೆ?"

"ಕ್ಲೋಸ್ ಮಾಡುವ ಮೊದಲು ಅವರು ಹೇಳಿದ್ರು, 'ಕುಶಲಕ್ಕ, ಇದನ್ನು ಮುಗಿಸಿಬಿಡಿ, ನನಗೂ ಈ ಓಣಿಗೆ ಬರ್ಲಿಕ್ಕೆ ಆಗುದಿಲ್ಲ, ಮಂಡಿ ನೋವು' ಅಂತ. ನನಗೆ ಆಗಲೇ ಗೊತ್ತಾಗಬೇಕಿತ್ತು ಸರ್. ಒಂದು ಹೆಂಗಸು ದಿನಾ ಕಾದು ಕೂತುಕೊಂಡ್ರೆ ಯಾರಿಗಾದ್ರೂ ಸಾಕಾಗ್ತದೆ. ಮರುದಿನ ಪಾಪ ಅಂತ ನೋಡ್ಲಿಕ್ಕೆ ಬಂದಿರ್ಬೇಕು. ಹಾಗೆ ಪಾಪ ಅಂತ ಬರುದು ಬೇಡ ಅಂತ ಕಂಡಿತು."

ನಾನು ಚಹಾದ ಲೋಟ ಕೆಳಗಿಟ್ಟೆ. ಮಂಡಿ ನೋವಿನ ಮಾತು ವ್ಯಾಲೆಂಟೈನ್ ಎಲ್ಲಿಂದ ತಂದರೆಂದು ಹೇಳಬೇಕಾಗಿಲ್ಲ. ನನ್ನ ಹೆಸರು ಹೇಳಬಾರದೆಂದ ಮೇಲೆ ಅವರು ತಮ್ಮ ಕಡೆಯಿಂದ ಒಂದು ಕಾರಣ ಹೇಳಲೇಬೇಕಿತ್ತು, ಕೈಗೆ ಸಿಕ್ಕಿದ್ದನ್ನು ಹೇಳಿದ್ದಾರೆ. ಬಾಯಿ ಮುಚ್ಚಿಕೊಂಡು ಎದ್ದು ಬಂದುಬಿಡಬಹುದಿತ್ತು, ಮನಸ್ಸೂ ಆಯಿತು. ಜೀವಮಾನದಲ್ಲಿ ಮೊದಲ ಸಲ ನನಗೆ ನನ್ನ ಮೇಲೇ ಹೇಸಿಗೆಯಾಗಿತ್ತು.

"ಕುಶಲಾ, ಅದು ಅವರ ಮಾತಲ್ಲ. ನಾನು ಹೇಳಿಸಿದ್ದು. ಹೋಟೆಲಿನಲ್ಲಿ ಹಿಡಿದು ಕೂರಿಸಿ ಹೇಳಿಸಿದೆ. ನನ್ನ ಹೆಸರು ಹೇಳಬೇಡಿ ಅಂತಲೂ ನಾನೇ ಹೇಳಿದ್ದು. ಅವರು ಈ ಓಣಿಗೆ ಬರ್ತಿದ್ದದ್ದು ನಿಮಗಾಗಿಯೇ, ನೀವು ಕಾಯ್ತೀರಿ ಅಂತ. ಅವರ ಬಾಯಿಂದಲೇ ಕೇಳಿದ್ದೇನೆ."

ಆಕೆ ಚೌಕಟ್ಟು ಬಿಟ್ಟು ಬಂದು ಹೊಲಿಗೆ ಮಿಷನ್ನಿನ ಸ್ಟೂಲಿನ ಮೇಲೆ ಕುಳಿತಳು. ನನ್ನನ್ನು ಬೈಯಲಿ ಎಂದು ಕಾದೆ. ಬೈಯಲಿಲ್ಲ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ.

"ಇದನ್ನು ಅವತ್ತೇ ಹೇಳಿದ್ರೆ," ಎಂದಳು, "ನಾನು ಬಾಗಿಲು ತೆಗೀತಿದ್ದೆ ಸರ್."

"ಈಗ ಫೋನ್ ಮಾಡಿ. ನಂಬರ್ ಉಂಟಲ್ಲ? ಇಲ್ಲದಿದ್ದರೆ ನಾನು ಕೊಡ್ತೇನೆ. ಕಾಪು ಎಂತ ದೂರ, ನಾನೇ ಕರೆದುಕೊಂಡು ಬರ್ತೇನೆ."

ಅಷ್ಟರಲ್ಲಿ ಹದಿನೇಳು ಮನೆ ಹದಿನಾಲ್ಕಾಗಿ, ವ್ಯಾಲೆಂಟೈನ್ ಮಿಷನ್ನು ಸೊಸೈಟಿಗೆ ಒಪ್ಪಿಸಿ ಕೆಲಸ ಬಿಟ್ಟು ಮನೆಯಲ್ಲಿ ಕುಳಿತಿದ್ದರು. ಅದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಆಕೆ ಮೊಬೈಲನ್ನು ಕೈಗೆತ್ತಿಕೊಂಡಳು. ಹೆಸರು ಹುಡುಕಿದಳು, ಸಿಕ್ಕಿತು. ಬೆರಳು ಅದರ ಮೇಲೆ ಇಟ್ಟಳು. ಹೊರಗೆ ಹೆಂಚಿನಿಂದ ನೀರು ಧೋ ಎಂದು ಸುರಿಯುತ್ತಿತ್ತು. ಆಮೇಲೆ ತಲೆಯೆತ್ತಿ ನನ್ನನ್ನು ಕೇಳಿದಳು.

"ಫೋನ್ ಮಾಡಿದ್ದು ಎಂತಕ್ಕೆ ಅಂತ ಹೇಳುದು ಸರ್?"